ಹನ್ನೊಂದನೆಯ ಹರಳು

ಪೋಲೆಂಡ್ ದೇಶದಿಂದ ಬಂದ ಒಂದು ಪತ್ರ ನನ್ನ ಕಂಪ್ಯೂಟರಿನಲ್ಲಿ ನಾಲ್ಕು ದಿನದಿಂದ ಉತ್ತರಕ್ಕಾಗಿ ಕಾದು ಕೂತಿದೆ. ಬರೆದವನ ಮುಖವನ್ನು ನಾನು ಕಂಡಿಲ್ಲ. ಹಳೆಯ ಕಾಲದ ರಾಜರು, ಕೋಟೆ, ದಂಡು ಇಟ್ಟುಕೊಂಡು ಆಡುವ ಕಂಪ್ಯೂಟರ್ ಆಟವೊಂದಿದೆ. ಆಡುವವರೇ ಕೂಡಿ ಅದರ ಮೇಲೆ ಪುಕ್ಕಟೆಯಾಗಿ ಹೊಸ ನಕಾಶೆ, ಹೊಸ ನಿಯಮ ಸೇರಿಸುತ್ತಾರೆ, ಅದಕ್ಕೆ ಮಾಡ್ ಅನ್ನುತ್ತಾರೆ. ನಮ್ಮ ದಖ್ಖನ್ ಸೀಮೆಯ ಮಾಡ್‌ಗೆ ಅವನು ಯಜಮಾನ, ನಾನು ಆರೇಳು ಕೈಯಾಳುಗಳಲ್ಲಿ ಒಬ್ಬ. ಹೊಸ ಅಪ್‌ಡೇಟಿನಲ್ಲಿ ಏನೇನು ಬರಲಿದೆ ಎಂದು ಉದ್ದಕ್ಕೆ ಬರೆದಿದ್ದಾನೆ. ಇನ್ನು ಮುಂದೆ ಆನೆಗಳು ತೋಪಿನ ಸದ್ದಿಗೆ ಬೆದರುತ್ತವೆ, ಕೋಟೆಯೊಳಗೆ ಜೋಳ ಮುಗಿದರೆ ಬಾಗಿಲು ತಾನಾಗಿ ತೆರೆಯುತ್ತದೆ. ಕೊನೆಗೆ ಡೋಣಿ ಹೊಳೆಯ ದಂಡೆಯ ಬಾವಿಯ ಮಾತು. ಆ ಕಾಳಗದ ಕಣದಲ್ಲಿ ದಕ್ಷಿಣದ ದಂಡೇ ಸದಾ ಗೆಲ್ಲುತ್ತಿದೆ, ಬಾವಿ ಅವರ ಪಾಲಿಗಿರುವುದೇ ಕಾರಣ, ಅದನ್ನು ಮೂವತ್ತು ಹೆಜ್ಜೆ ಉತ್ತರಕ್ಕೆ ಸರಿಸೋಣ, ಭಾನುವಾರದೊಳಗೆ ಒಪ್ಪಿಗೆ ತಿಳಿಸು ಎಂದಿದ್ದಾನೆ.

ಪತ್ರ ಬಂದ ಮರುದಿನ ಬೆಳಿಗ್ಗೆ ಝಳಕಿಯಿಂದ ಫೋನ್ ಬಂತು. ಆ ಬಾವಿಯನ್ನು ನಕಾಶೆಯಲ್ಲಿ ಇಟ್ಟವರು ತೀರಿಕೊಂಡಿದ್ದರು.

ಅವರ ಹೆಸರು ಬರೆಯುವುದಿಲ್ಲ. ಮಾಡ್‌ನಲ್ಲಿ ಸಹ ತಮ್ಮ ಹೆಸರು ಹಾಕಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ನಮಗೆಲ್ಲ ಅವರು ಮೋಜಣಿ ಸಾಹೇಬರು, ಅಂದರೆ ಸರಪಳಿ ಹಿಡಿದು ಹೊಲ ಅಳೆಯುವ ಸರ್ಕಾರಿ ಮನುಷ್ಯ. ಇಂಡಿ ತಾಲೂಕಿನ ಝಳಕಿಯವರು. ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ ತಿರುಗಿ, ನಿವೃತ್ತಿಗೆ ಮುಂಚಿನ ಕಡೆಯ ವರ್ಷಗಳನ್ನು ಮತ್ತೆ ಬಾಗೇವಾಡಿಯಲ್ಲಿ ಕಳೆಯುತ್ತಿದ್ದರು. ಹೊಲದ ಕಾಗದಗಳೆಲ್ಲ ಕಂಪ್ಯೂಟರಿಗೆ ಏರುತ್ತಿದ್ದ ಕಾಲ ಅದು. ಹಳೆಯ ನೌಕರರೂ ಕಂಪ್ಯೂಟರ್ ಕಲಿಯಬೇಕೆಂದು ಮೇಲಿನವರು ಹೇಳಿದ್ದರಿಂದ, ನಾನು ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದೆ ನಡೆಸುತ್ತಿದ್ದ ನಾಲ್ಕು ಕಂಪ್ಯೂಟರಿನ ಸೆಂಟರಿಗೆ ಒಂದು ಮಧ್ಯಾಹ್ನ ಬಂದು ನಿಂತರು. ಬಿಳಿ ಟೋಪಿ, ಬಗಲಲ್ಲಿ ಚೀಲ, ಚೀಲದಲ್ಲಿ ತಮ್ಮದೇ ನೀರಿನ ಬಾಟಲಿ.

ಮೊದಲ ದಿನ ಮೌಸ್ ಹಿಡಿದು ಅವರು ಪಟ್ಟ ಪಾಡು ನೋಡಬೇಕಿತ್ತು. ಮೇಜಿನ ಅಂಚು ಬಂತೆಂದರೆ ಮೌಸನ್ನು ಎತ್ತಿ ಹಿಂದಕ್ಕಿಡಬೇಕು ಎಂಬುದು ಅವರಿಗೆ ಒಗ್ಗುತ್ತಲೇ ಇರಲಿಲ್ಲ. ಅಂಚಿಗೆ ಬಂದು ನಿಂತು ನನ್ನ ಮುಖ ನೋಡುತ್ತಿದ್ದರು. ಇನ್ನೊಬ್ಬರ ಹೊಲದೊಳಗೆ ಅಪ್ಪಣೆ ಇಲ್ಲದೆ ಕಾಲಿಡದ ಮನುಷ್ಯ, ಏನು ಮಾಡುವುದು. ಕೈ ಪಳಗಲಿ ಎಂದು ನಾನು ಆಟ ಹಾಕಿಕೊಟ್ಟೆ. ಬೇರೆಯವರಾದರೆ ಐದು ನಿಮಿಷದಲ್ಲಿ ದಂಡೆತ್ತಿ ಹೋಗುತ್ತಾರೆ. ಇವರು ಕುದುರೆ, ಕಾಲಾಳು ಎಲ್ಲವನ್ನೂ ನಿಲ್ಲಿಸಿ, ಒಬ್ಬನೇ ಸಿಪಾಯಿಯನ್ನು ನಕಾಶೆಯ ಈ ತುದಿಯಿಂದ ಆ ತುದಿಗೆ ನಡೆಸಿದರು. ಆಮೇಲೆ ಅವನನ್ನೇ ವಾಪಸು ನಡೆಸಿದರು. ಯಾಕೆಂದು ಕೇಳಿದರೆ, "ಹೋಗುವಾಗೊಮ್ಮೆ, ಬರುವಾಗೊಮ್ಮೆ ಅಳೀಬೇಕ್ರಿ ಮಾಸ್ತರ," ಎಂದರು. ಇದು ಅವರ ಬಾಯಿಯ ಖಾಯಂ ಮಾತು. ಚಹಾದವನ ಲೆಕ್ಕದಿಂದ ಹಿಡಿದು ಬಸ್ಸಿನ ಹೊತ್ತಿನವರೆಗೆ ಎಲ್ಲಕ್ಕೂ ಅದನ್ನೇ ಹೇಳುತ್ತಿದ್ದರು, ನನಗೆ ನಗೆ ಬರುತ್ತಿತ್ತು.

ಹಾಗೆ ನೋಡಿದರೆ ಚಹಾದ ಲೆಕ್ಕ ನಮ್ಮದು, ಅವರು ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಕೆಲಸಕ್ಕೆ ಹೋದ ಕಡೆ ಅನ್ನ ನೀರು ಮುಟ್ಟದ ಮನುಷ್ಯ ಎಂದು ಇಡೀ ತಾಲೂಕಿಗೆ ಗೊತ್ತಿತ್ತು. ಬುತ್ತಿಯ ರೊಟ್ಟಿಯನ್ನು ಹೊಲದ ಬದುವಿನ ಮೇಲೆ ಒಬ್ಬರೇ ಕೂತು ತಿನ್ನುತ್ತಿದ್ದರಂತೆ. ಕೆಲವರು ಇದನ್ನು ಮಡಿ ಅಂದರು, ಕೆಲವರು ಸೊಕ್ಕು ಅಂದರು. ಇನ್ನೊಂದು ವಿಚಿತ್ರವನ್ನು ನಾನೇ ಕಂಡಿದ್ದೆ. ಎಲೆ ಅಡಿಕೆಯ ಚಂಚಿ ಬಿಚ್ಚಿದಾಗಲೆಲ್ಲ ಅಡಿಕೆಯ ಜೊತೆ ಒಂದು ಕರಿ ಹರಳುಕಲ್ಲು ಹೊರಗೆ ಬರುತ್ತಿತ್ತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಎಲೆಗೆ ಸುಣ್ಣ ಸವರಿ, ಮತ್ತೆ ಒಳಗಿಟ್ಟು ದಾರ ಬಿಗಿಯುತ್ತಿದ್ದರು. ಯಾವುದೋ ಗುಡಿಯದ್ದು ಇರಬೇಕೆಂದು ನಾನು ಕೇಳಲು ಹೋಗಲಿಲ್ಲ.

ಒಂದು ವಾರ ಆಡಿದ ಮೇಲೆ ಅವರು ತಗಾದೆ ತೆಗೆದರು. ನಮ್ಮ ಸೀಮೆಯ ನಕಾಶೆಯಲ್ಲಿ ಸುರಿವ ಮಳೆಯೊಳಗೆ ತೋಪಿನ ಗಾಡಿಗಳು ಓಡುತ್ತಿದ್ದವು. ಎರೆ ಭೂಮಿ ನೆನೆದರೆ ಮನುಷ್ಯನ ಚಪ್ಪಲಿಯೇ ಕಿತ್ತು ಬರುವುದಿಲ್ಲ, ತೋಪು ಓಡುತ್ತದೆಯೇ ಎಂದು ನನ್ನನ್ನೇ ಗದರಿದರು. ಆಟದೊಳಗಿನ ದಂಡು ಡೋಣಿ ಹೊಳೆಯ ದಂಡೆಯಲ್ಲಿ ಡೇರೆ ಹೊಡೆದು ವಾರಗಟ್ಟಲೆ ಇರುತ್ತಿತ್ತು. ಅದಕ್ಕಂತೂ ಅವರಿಗೆ ಸಿಟ್ಟೇ ಬಂತು. "ಡೋಣಿ ನೀರ ಉಪ್ಪ ಐತ್ರಿ. ಈ ಎತ್ತು, ಕುದುರಿ ಏನ ಕುಡೀತಾವ?" ಎಂದು ಕೇಳಿದರು. ಅವತ್ತು ಪೋಲೆಂಡಿಗೆ ಬರೆದೆ. ಅವನು ಕುಣಿದಾಡಿದ. ಆ ವರ್ಷದ ಅಪ್‌ಡೇಟಿನಲ್ಲಿ ನಮ್ಮ ಎರೆಮಣ್ಣು ಮಳೆಗೆ ತೋಪುಗಳನ್ನು ಹಿಡಿದು ನಿಲ್ಲಿಸಿತು, ನಮ್ಮ ಡೋಣಿಯ ನೀರು ಕುಡಿದ ದಂಡು ಸೊರಗಿತು, ಮತ್ತು ಮೊದಲ ಸಲ ಬಾವಿಗಳು ಬಂದವು. ಯಾರ ಕಡೆ ಸಿಹಿನೀರಿನ ಬಾವಿಯೋ ಅವರ ದಂಡು ಉಳಿಯುತ್ತದೆ. ಪ್ರತಿ ಬಾವಿಯೂ ಗಡಿಯ ಗೆರೆಯ ಆಚೆಗೆ ಇಲ್ಲವೇ ಈಚೆಗೆ ಇರಬೇಕು, ನಡುವೆ ಇರಲು ನಿಯಮವಿಲ್ಲ.

ಹೊಸ ನಿಯಮ ಪರೀಕ್ಷಿಸಲು ಒಂದು ಸಣ್ಣ ಊರಿನ ಕಾಳಗದ ಕಣ ಬೇಕಿತ್ತು. ನೀವೇ ಒಂದು ಊರು ಆರಿಸಿ ಎಂದು ಸಾಹೇಬರಿಗೆ ಹೇಳಿದೆ. ನಾಲ್ಕು ತಾಲೂಕುಗಳಲ್ಲಿ ನೂರಾರು ಊರು ಅಳೆದವರು ಒಂದು ಕ್ಷಣವೂ ಯೋಚಿಸದೆ ಬಾಗೇವಾಡಿ ತಾಲೂಕಿನ, ಡೋಣಿ ದಂಡೆಯ ಒಂದು ಹಳ್ಳಿಯ ಹೆಸರು ಹೇಳಿದರು. ಹೊಳೆಯ ತಿರುವು, ದಿನ್ನೆ, ಹನುಮಪ್ಪನ ಗುಡಿ, ಮೂರು ಹುಣಸೆ ಗಿಡ, ಎರಡು ಹೊಲ, ನಡುವೆ ಬದು, ಒಂದು ಬಾವಿ. ಆ ಬದುವೇ ಎರಡು ದಂಡುಗಳ ಗಡಿಯಾಯಿತು. ನಾನೂರು ವರ್ಷದ ಹಿಂದಿನ ಕಾಳಗಕ್ಕೆ ಮೊನ್ನೆಯ ಹೊಲದ ಬದುವನ್ನು ಗಡಿ ಮಾಡಿದ್ದೇವಲ್ಲ ಎಂದು ನನಗೆ ಒಳಗೊಳಗೇ ಮಜಾ ಅನಿಸಿತ್ತು. ಕಚೇರಿಯ ಹಳೆಯ ನಕಾಶೆಯ ಪ್ರತಿಯನ್ನು ಪಕ್ಕಕ್ಕಿಟ್ಟು ನೋಡಿದಾಗ ಮಾತ್ರ ಒಂದು ವ್ಯತ್ಯಾಸ ಕಂಡಿತು. ಕಚೇರಿಯ ನಕಾಶೆಯಲ್ಲಿ ಗೆರೆ ಬಾವಿಯ ಕೆಳಗಿತ್ತು, ಬಾವಿ ಉತ್ತರದ ಹೊಲಕ್ಕೆ ಸೇರಿತ್ತು. ಸಾಹೇಬರು ಆಟದಲ್ಲಿ ಗೆರೆಯನ್ನು ಬಾವಿಯ ಮೇಲೆ ಎಳೆದಿದ್ದರು, ಬಾವಿ ದಕ್ಷಿಣಕ್ಕೆ ಬಂದಿತ್ತು. ಕೇಳಿದೆ. "ಆಟದಾಗ ಇರಲಿ ಬಿಡ್ರಿ," ಎಂದವರು ಚಂಚಿ ಬಿಚ್ಚಿದರು.

ಕಣ ಚೆಂದ ಬಂದಿತ್ತು. ನಾನು ನಾಲ್ಕು ಹಾಳೆಯಲ್ಲಿ ಅದರ ಪ್ರಿಂಟ್ ತೆಗೆದು, ಅಂಟಿಸಿ, ಗೋಡೆಗೆ ಹಚ್ಚಿದೆ. ಬಂದವರಿಗೆಲ್ಲ ತೋರಿಸಿ ಮೆರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಮುಂದೆ ಆದದ್ದಕ್ಕೆಲ್ಲ ನನ್ನ ಆ ಮೆರೆದಾಟವೇ ಕಾರಣ.

ಸೆಂಟರಿನಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಕೆಲಸವೂ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಅರವತ್ತರ ಹತ್ತಿರದ ಹೆಣ್ಣುಮಗಳೊಬ್ಬಳು ಬಂದಳು. ಶಾಂತವ್ವ. ಗಂಡ ಸತ್ತವಳು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟು, ಇಪ್ಪತ್ತು ವರ್ಷದಿಂದ ಕಚೇರಿಗಳಿಗೆ ಕೊಟ್ಟ ಅರ್ಜಿಗಳ ಪ್ರತಿ. ಇನ್ನೊಂದು ಅರ್ಜಿ ಬರೆಸಬೇಕಿತ್ತು. ಕೂಡಿಸಿ, ಏನು ವಿಷಯ ಎಂದು ಕೇಳುವಷ್ಟರಲ್ಲಿ ಅವಳ ಕಣ್ಣು ಗೋಡೆಗೆ ಹೋಯಿತು. ಎದ್ದು ಹತ್ತಿರ ಹೋದಳು. ಓದಲು ಬರದವಳು ಹೊಳೆಯ ತಿರುವಿನ ಮೇಲೆ ಬೆರಳಿಟ್ಟು, ಗುಡಿ ದಾಟಿ, ಹುಣಸೆ ಗಿಡ ದಾಟಿ, ಬಾವಿಗೆ ಬಂದು ನಿಂತಳು.

"ನಮ್ಮೂರ ನಕಾಶಿ ನನಗ ಬಾಯಿಪಾಠ ಐತಿ," ಎಂದಳು. "ಆಫೀಸಿಂದರಾಗ ಗೆರಿ ಬಾವಿ ಕೆಳಗ ಐತಿ. ಇದರಾಗ ಮ್ಯಾಲ ಐತಿ. ಇದನ್ನ ಯಾರ ಬರದಾರ?"

ಸಾಹೇಬರು ಮೂಲೆಯ ಕಂಪ್ಯೂಟರಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಇವರೇ ನೋಡವ್ವ, ಮೋಜಣಿ ಸಾಹೇಬರು ಎಂದು ನಾನು ಅಭಿಮಾನದಿಂದ ಕೈ ತೋರಿಸಿದೆ. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಪರದೆಗಳು ಉಳಿದವು, ಯುಪಿಎಸ್ ಕೂಗತೊಡಗಿತು. ಅವರು ಎದ್ದು ತಿರುಗಿದರು. ಮೌಸ್ ಇನ್ನೂ ಕೈಯಲ್ಲೇ ಇತ್ತು, ಅದರ ವಯರು ಬಿಗಿದು ಕೀಬೋರ್ಡ್ ವಾರೆಯಾಯಿತು. ಶಾಂತವ್ವ ಆ ಬಿಳಿ ಮೀಸೆಯನ್ನು, ಟೋಪಿಯನ್ನು ಬಹಳ ಹೊತ್ತು ನೋಡಿದಳು. ಇಪ್ಪತ್ತು ವರ್ಷ ಚಿಕ್ಕ ಮುಖವೊಂದನ್ನು ಅವಳು ಅಲ್ಲಿ ಹುಡುಕುತ್ತಿದ್ದಾಳೆಂದು ನನಗೆ ಆಗ ತಿಳಿಯಲಿಲ್ಲ.

"ನಮ್ಮ ಹೊಲ ಅಳದಾಂವ ನೀನ ಅಲ್ಲ?" ಎಂದಳು.

ಅವರು ಮೌಸನ್ನು ಮೇಜಿನ ಮೇಲಿಟ್ಟು, ಚೀಲ ಎತ್ತಿಕೊಂಡು, ಅವಳ ಪಕ್ಕದಿಂದಲೇ ಹೊರಗೆ ನಡೆದುಬಿಟ್ಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಅವರ ಕಾಲು ಎರಡು ಸಲ ತಪ್ಪಿತು.

ಆಮೇಲೆ ಅವಳು ಹೇಳಿದ್ದರಿಂದ ನನಗೆ ವಿಷಯ ತಿಳಿಯಿತು. ಅವಳ ಗಂಡ ಮತ್ತು ಅವನ ಅಣ್ಣ ಹೊಲ ಹಿಸ್ಸೆ ಮಾಡಿಕೊಂಡಾಗ, ದಕ್ಷಿಣದ ಕಲ್ಲಿನಿಂದ ಹನ್ನೊಂದು ಸರಪಳಿ ತಮ್ಮನಿಗೆ, ಮಿಕ್ಕದ್ದು ಅಣ್ಣನಿಗೆ ಎಂದು ಪಂಚರು ಮಾತಾಡಿದ್ದರು. ಆ ಮಾತಿನಂತೆ ಬಾವಿ ತಮ್ಮನ ಪಾಲಿಗೆ ಬರಬೇಕು. ಅಳತೆಯಾದಾಗ ಗೆರೆ ಬಾವಿಯ ಈಚೆಗೇ ಬಿತ್ತು. ಅಣ್ಣ ಬಾವಿಯ ಸುತ್ತ ಜಾಲಿಮುಳ್ಳು ಕಟ್ಟಿದ. ಡೋಣಿಯ ನೀರು ಬಾಯಿಗಿಡಲು ಬರುವುದಿಲ್ಲ. ಅಂದಿನಿಂದ ಅವಳು ದಿನ್ನೆ ದಾಟಿ ಪಕ್ಕದ ಊರಿನಿಂದ ಕೊಡ ಹೊರುತ್ತಿದ್ದಳು.

ನನಗೆ ಹೆದರಿಕೆ ಹತ್ತಿತು. ಸಾಹೇಬರ ನಿವೃತ್ತಿಗೆ ಇನ್ನು ಐದು ತಿಂಗಳು. ಇಂಥ ಹೊತ್ತಿನಲ್ಲಿ ತಪ್ಪು ಅಳತೆ ಎಂದು ಕಾಗದ ಎದ್ದರೆ ಮೂವತ್ತೈದು ವರ್ಷದ ನೌಕರಿಯೇ ಮಣ್ಣುಪಾಲು. ನನ್ನ ಸೆಂಟರಿನ ಹೆಸರೂ ಕಚೇರಿಯ ಬಾಯಿಗೆ ಬೀಳುತ್ತದೆ. ಅವಳು ಹೋದ ಕೂಡಲೇ ನಕಾಶೆಯನ್ನು ಗೋಡೆಯಿಂದ ಕಿತ್ತು, ಮಡಚಿ, ಬೀರುವಿನ ಹಿಂದೆ ತುರುಕಿದೆ. ಮರುದಿನ ಶಾಂತವ್ವ ಬಂದು ಅದರದೊಂದು ಪ್ರತಿ ಕೊಡೆಂದು ಕೇಳಿದಳು. ಅದು ಬರೀ ಆಟ ಅವ್ವಾ, ಸುಳ್ಳು ನಕಾಶೆ ಎಂದೆ. ಅವಳು ಗೋಡೆಯ ಮೇಲೆ ಉಳಿದ ನಾಲ್ಕು ಅಂಟಿನ ಕಲೆಗಳನ್ನು ನೋಡಿದಳು.

"ಆಟದಾಗ ಖರೇ ಬರದು, ಕಾಗದದಾಗ ಸುಳ್ಳ ಬರದಾನಲ್ಲೋ ತಮ್ಮಾ," ಎಂದಳು. ಕೂಗಲಿಲ್ಲ, ಅಳಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತಳು, ಸಂಜೆಯ ಬಸ್ಸಿನ ಹೊತ್ತಿಗೆ ಎದ್ದು ಹೋದಳು. ಅದರ ಮರುದಿನವೂ ಬಂದು ಅಲ್ಲೇ ಕೂತಳು. ಕಲಿಯಲು ಬಂದವರು ಅವಳನ್ನು ದಾಟಿಕೊಂಡು ಒಳಗೆ ಬರಬೇಕಾಯಿತು. ನಾನು ಆ ಎರಡು ದಿನ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ.

ನಾಲ್ಕನೆಯ ದಿನ ಸಾಹೇಬರು ಬಂದರು. ಮೆಟ್ಟಿಲ ಮೇಲೆ ಅವಳಿದ್ದಳು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು, ಖಾಲಿ ಗೋಡೆ ನೋಡಿದರು. ಯಾಕೆ ತೆಗೆದಿರಿ ಎಂದು ಕೇಳಿದರು. ನಿಮ್ಮ ಸಲುವಾಗಿ ಎಂದೆ. ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. ಹಚ್ಚಿರಿ ಮೊದಲು ಅಂದರು. ಬೀರುವಿನ ಹಿಂದಿನಿಂದ ತೆಗೆದು, ಸುಕ್ಕು ಬಿಡಿಸಿ, ಅದೇ ಅಂಟಿನ ಕಲೆಗಳ ಮೇಲೆ ಹಚ್ಚಿದೆ. ಆಮೇಲೆ ಅವರು ಶಾಂತವ್ವನನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂಡಿಸಿ, ತಾವು ನಿಂತುಕೊಂಡು, ಚಂಚಿ ಬಿಚ್ಚಿ ಆ ಕರಿ ಹರಳನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟರು.

ಅವರೇ ಹೇಳಿದ್ದಿದು. ಹನ್ನೊಂದು ಸರಪಳಿ ಅಳೆಯಬೇಕೆಂದರೆ ಅವರು ಹನ್ನೊಂದು ಹರಳು ಆರಿಸಿ ಎಡ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಂದೊಂದು ಸರಪಳಿಗೆ ಒಂದೊಂದು ಹರಳು ಬಲ ಜೇಬಿಗೆ. ಎಡ ಜೇಬು ಬರಿದಾಯಿತೆಂದರೆ ಅಳತೆ ಮುಗಿಯಿತು, ಅಲ್ಲೊಂದು ಕಲ್ಲು ನೆಡುವುದು. ಆಮೇಲೆ ತುದಿಯಿಂದ ವಾಪಸು ಅಳೆದು ತಾಳೆ ನೋಡುವುದು ಪದ್ಧತಿ. ಶಾಂತವ್ವನ ಹೊಲ ಅಳೆದ ದಿನ ಬಿಸಿಲು ನೆತ್ತಿಗೇರಿತ್ತು. ಅಣ್ಣನ ಮನೆಯಲ್ಲಿ ಅಳತೆಯವರಿಗೆಂದು ಊಟ ಸಿದ್ಧವಾಗಿತ್ತು, ಹೋಳಿಗೆ ತಣ್ಣಗಾಗುತ್ತಿದೆ ಬನ್ನಿ ಎಂದು ಎರಡು ಸಲ ಕರೆ ಬಂತು. ವಾಪಸು ಅಳೆಯುವುದನ್ನು ಬಿಟ್ಟು ಉಣ್ಣಲು ಹೋದರು. ಉಂಡ ಮೇಲೆ ಕಾಗದಕ್ಕೆ ಸಹಿ ಬಿತ್ತು. ಸಂಜೆ ರೂಮಿಗೆ ಬಂದು ಅಂಗಿ ಬಿಚ್ಚಿದಾಗ ಎಡ ಜೇಬಿನ ಹರಿದ ಮೂಲೆಯೊಳಗೆ, ಅಸ್ತರಿನಲ್ಲಿ, ಒಂದು ಹರಳು ಸಿಕ್ಕಿಕೊಂಡಿತ್ತು.

"ಹತ್ತ ಸರಪಳಿ ಅಳದು ಹನ್ನೊಂದ ಅಂತ ಬರದೆ," ಎಂದರು. "ಮೂವತ್ಮೂರು ಅಡಿ. ಅದರಾಗ ನಿಮ್ಮ ಬಾವಿ ಹೋತವ್ವಾ. ಮರುದಿನ ಹೋಗಿ ಹೇಳಬೇಕಿತ್ತು. ಉಂಡ ಮನಿ, ನೌಕರಿ ಅಂಜಿಕಿ. ನಾಳೆ ಅಂದೆ, ನಾಡದ ಅಂದೆ."

ಶಾಂತವ್ವ ಹರಳನ್ನು ಮುಟ್ಟಲಿಲ್ಲ.

"ಮೊದಲ ಹೇಳಿದ್ದರ ನನ್ನ ಗಂಡ ನಮ್ಮ ಬಾವಿ ನೀರ ಕುಡದಾದ್ರೂ ಸಾಯ್ತಿದ್ದ," ಎಂದಳು.

ಅವರು ಹೌದೆಂದು ತಲೆಯಾಡಿಸಿದರು. ಕ್ಷಮಿಸು ಎಂಬ ಮಾತು ಅವರ ಬಾಯಿಂದ ಬರುತ್ತದೆಂದು ನಾನು ಕಾದೆ, ಬರಲಿಲ್ಲ. ಬಂದಿದ್ದರೆ ಅವಳು ಎದ್ದು ಹೋಗುತ್ತಿದ್ದಳೇನೋ. ತಪ್ಪೊಪ್ಪಿಗೆಯ ಹೇಳಿಕೆ ಬರೆಯಬೇಕಿತ್ತು. ಹೇಳಿ, ನಾನು ಟೈಪ್ ಮಾಡುತ್ತೇನೆ ಎಂದೆ. ಒಲ್ಲೆ ಎಂದು ತಾವೇ ಕೂತರು. ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಒಂದು ಪುಟಕ್ಕೆ ಎರಡು ತಾಸು ಹಿಡಿಯಿತು. ಬರೆದು ಮುಗಿಸಿ, ಮೇಲಿನಿಂದ ಕೆಳಗೆ ಓದಿದರು, ಮತ್ತೆ ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ ಬೆರಳಾಡಿಸಿದರು. ಈ ಸಲ ನನಗೆ ನಗೆ ಬರಲಿಲ್ಲ. ಗೋಡೆಯ ನಕಾಶೆಯನ್ನು ಬಿಚ್ಚಿ ಶಾಂತವ್ವನ ಕಾಗದದ ಕಟ್ಟಿನೊಳಗೆ ತಾವೇ ಇಟ್ಟರು.

ಅಂದುಕೊಂಡಂತೆಯೇ ಆಯಿತು. ವಿಚಾರಣೆ ಎದ್ದಿತು. ನಿವೃತ್ತಿಯ ದಿನ ಹಾರ ಇಲ್ಲ, ಭಾಷಣ ಇಲ್ಲ, ಜೊತೆಯವರು ಚಹಾಕ್ಕೂ ಕರೆಯಲಿಲ್ಲ. ಒಬ್ಬ ತನ್ನ ತಪ್ಪು ಒಪ್ಪಿಕೊಂಡರೆ ಎಲ್ಲರ ಹಳೆಯ ಅಳತೆಗಳೂ ಏಳುತ್ತವೆ ಎಂಬುದು ಅವರೆಲ್ಲರ ಸಂಕಟ. ಒಂದೂವರೆ ವರ್ಷದ ಮೇಲೆ ಮರು ಅಳತೆಗೆ ದಿನ ಗೊತ್ತಾಯಿತು. ಸಾಹೇಬರು ಝಳಕಿಯಿಂದ ಬಂದು ನನ್ನನ್ನೂ ಕರೆದುಕೊಂಡು ಹೋದರು. ಅಳೆಯುವ ಹಕ್ಕು ಅವರಿಗೆ ಈಗಿಲ್ಲ, ಹೊಸ ಮೋಜಣಿದಾರ ಬಂದಿದ್ದ. ಅಣ್ಣನ ಮನೆಯ ಏಳೆಂಟು ಮಂದಿ ಬದುವಿನ ಮೇಲೆ ಕೈಯಲ್ಲಿ ಬಡಿಗೆ ಹಿಡಿದು ಸಾಲಾಗಿ ನಿಂತಿದ್ದರು. ಅಣ್ಣ ಎಂಬತ್ತರ ಮುದುಕ, ಕಂಬಳಿಯ ಮೇಲೆ ಕೂತಿದ್ದ. ಸಾಹೇಬರು ಹತ್ತಿರ ಬರುತ್ತಲೇ ದಿಟ್ಟಿಸಿ, "ಅವತ್ತ ನಮ್ಮನ್ಯಾಗ ಉಂಡಿ," ಎಂದ.

"ಹೌದ್ರಿ. ಉಂಡು ತಪ್ಪಿದೆ," ಎಂದರು ಇವರು.

ಬಡಿಗೆಗಳು ಅಲ್ಲಾಡಿದವು. ಮುದುಕ ಏನು ಅನ್ನುತ್ತಾನೋ ಎಂದು ಎಲ್ಲರ ಕಣ್ಣೂ ಅವನ ಮೇಲೆ. ಅವನು ಮುಖ ತಿರುಗಿಸಿಕೊಂಡು ಸರಪಳಿ ಎಳೆಯಿರಿ ಎನ್ನುವಂತೆ ಕೈ ಬೀಸಿದ. ಹೊಸ ಮೋಜಣಿದಾರ ಮುಂದೆ, ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಸಾಹೇಬರು. ಎಡ ಜೇಬಿನಲ್ಲಿ ಹೊಲದಲ್ಲೇ ಆರಿಸಿದ ಹತ್ತು ಹರಳು, ಜೊತೆಗೆ ಚಂಚಿಯ ಆ ಹಳೆಯದು. ಒಂದೊಂದು ಸರಪಳಿಗೂ ಅವರ ಕೈ ಎಡದಿಂದ ಬಲಕ್ಕೆ ಹೋಗುವುದನ್ನು ನಾನು ನೋಡುತ್ತಿದ್ದೆ. ಹತ್ತನೆಯದು ಬಾವಿಯ ಈಚೆ ಮುಗಿಯಿತು. ಹನ್ನೊಂದನೆಯದು ಬಾವಿಯನ್ನು ದಾಟಿ, ಮುಳ್ಳಿನ ಬೇಲಿಯನ್ನು ದಾಟಿ, ಆಚೆಗೆ ಬಿತ್ತು. ಹೊಸಬ ಅಷ್ಟಕ್ಕೇ ಕಾಗದ ತೆಗೆದ. ಸಾಹೇಬರು ಅವನ ತೋಳು ಹಿಡಿದು, ವಾಪಸು ಅಳೆಯಪ್ಪ ಎಂದರು. ಅವನು ಅಳೆದ. ಅದೇ ಬಂತು.

ಸಂಜೆಗೆ ಮುಳ್ಳು ಕಿತ್ತರು. ಶಾಂತವ್ವ ಮೊದಲ ಕೊಡ ಸೇದಿದಳು. ಅಳತೆಯವರಿಗೆ ಕೊಟ್ಟಳು, ನನಗೆ ಕೊಟ್ಟಳು, ಬಡಿಗೆ ಹಿಡಿದು ನಿಂತಿದ್ದವರಿಗೂ ಬೇಕೇ ಎಂದು ಕೇಳಿದಳು. ಸಾಹೇಬರು ಹುಣಸೆ ಗಿಡದ ಕೆಳಗೆ ಕೂತು ತಮ್ಮ ಬಾಟಲಿಯ ನೀರು ಕುಡಿಯುತ್ತಿದ್ದರು. ಆಕೆ ಆ ಕಡೆ ಹೋಗಲಿಲ್ಲ, ಅವರೂ ನೋಡಲಿಲ್ಲ. ನನಗೆ ಆಗ ಆಕೆಯ ಮೇಲೆ ಸಿಟ್ಟು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಫೋನ್ ಬಂದ ದಿನವೇ ಝಳಕಿಗೆ ಹೋದಾಗ ಅಂಗಳದಲ್ಲಿ ಮಂದಿ ಬಹಳ ಇರಲಿಲ್ಲ. ಅವರ ಹೆಂಡತಿ ಚಂಚಿಯನ್ನು ತಂದು ನನ್ನ ಕೈಗೆ ಕೊಟ್ಟರು, ಒಳಗೆ ಹರಳು ಇತ್ತು. ಅವರ ಕಡೆಯ ಸ್ನಾನಕ್ಕೆ ನೀರು ಕಾಯಿಸುತ್ತಿರುವಾಗ ಶಾಂತವ್ವ ಬಂದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆ ತಂಬಿಗೆ. ಯಾರನ್ನೂ ಕೇಳದೆ ಹೋಗಿ ಅವರ ತಲೆಯ ಹತ್ತಿರ ಕೂತು, ಬಟ್ಟೆ ಬಿಚ್ಚಿ, ಒಂದಿಷ್ಟು ನೀರನ್ನು ಅವರ ತುಟಿಗೆ ಬಿಟ್ಟಳು. ಮಿಕ್ಕದ್ದನ್ನು ಸ್ನಾನದ ಹಂಡೆಗೆ ಸುರಿದಳು. ನನ್ನನ್ನು ನೋಡಿ, "ಅವತ್ತ ನಾ ಕೊಡಲಿಲ್ಲ," ಎಂದಳು. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ಇವತ್ತು ಭಾನುವಾರ. ಹರಳು ಕೀಬೋರ್ಡಿನ ಪಕ್ಕದಲ್ಲಿದೆ. ಪೋಲೆಂಡಿನವನದೂ ತಪ್ಪಲ್ಲ, ಆಟ ಎಂದ ಮೇಲೆ ಎರಡೂ ಕಡೆಗೆ ಸಮನಾಗಿರಬೇಕು. ಉತ್ತರದ ದಂಡಿಗೆ ಬೇಕಾದರೆ ಇನ್ನೂರು ಕುದುರೆ ಹೆಚ್ಚು ಕೊಡು, ಎರಡು ತೋಪು ಕೊಡು, ಮಳೆ ತಡವಾಗಿ ಬರಲಿ ಎಂದು ಬರೆದೆ. ಬಾವಿಯ ಬಗ್ಗೆ ಕೊನೆಗೆ ಹೀಗೆ ಬರೆದು ಕಳಿಸಿದೆ: ಆ ಬಾವಿ ಅಲ್ಲೇ ಇರುತ್ತದೆ, ಅದನ್ನು ಹೋಗುವಾಗೊಮ್ಮೆ, ಬರುವಾಗೊಮ್ಮೆ ಅಳೆದಾಗಿದೆ.